ರೇವಾದಿಂದ ಈಚೆಗೆ: ಕಾರಿನ ಚರ್ಚೆಗೆ ಕಾಲು ಶತಮಾನ

ಬೆಂಗಳೂರಿನ ಬೊಮ್ಮಸಂದ್ರದಲ್ಲಿ ತಯಾರಾದ ರೇವಾ 2001ರಲ್ಲಿ ರಸ್ತೆಗೆ ಇಳಿದಾಗ ಅದನ್ನು ಕಾರೆಂದು ಒಪ್ಪಲು ಬಹಳ ಮಂದಿ ತಯಾರಿರಲಿಲ್ಲ. ಎರಡೇ ಬಾಗಿಲು, ಲೆಡ್ ಆ್ಯಸಿಡ್ ಬ್ಯಾಟರಿ, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು ಎಂಬತ್ತು ಕಿಲೊಮೀಟರ್. ಚೇತನ್ ಮೈನಿ ಮತ್ತು ಅವರ ತಂಡ ಕಟ್ಟಿದ ಆ ಪುಟ್ಟ ಗಾಡಿಗೆ ಹೆಸರು ಬಂದದ್ದು ಲಂಡನ್ನಿನಲ್ಲಿ, ಜಿ-ವಿಜ್ ಎಂಬ ಹೆಸರಿನಿಂದ. ಕಾರಣ ಸರಳ. 2003ರಿಂದ ಆ ನಗರ ತನ್ನ ನಡುಭಾಗಕ್ಕೆ ಬರುವ ಕಾರುಗಳಿಂದ ದಟ್ಟಣೆ ಶುಲ್ಕ ವಸೂಲು ಮಾಡತೊಡಗಿತು. ವಿದ್ಯುತ್ ಕಾರುಗಳಿಗೆ ವಿನಾಯಿತಿ ಕೊಟ್ಟಿತು. ಎರಡೂ ಊರಿನಲ್ಲಿ ಓಡಿದ ಕಾರು ಒಂದೇ. ಒಂದು ಊರು ರಸ್ತೆಗೆ ಬೆಲೆ ಕಟ್ಟಿತು, ಇನ್ನೊಂದು ಕಟ್ಟಲಿಲ್ಲ.

2010ರಲ್ಲಿ ರೇವಾ ಕಂಪನಿ ಮಹೀಂದ್ರಾ ಪಾಲಾಯಿತು, 2012ರ ಹೊತ್ತಿಗೆ ಆ ಮಾದರಿಯ ತಯಾರಿಕೆಯೂ ನಿಂತಿತು. ಆದರೆ ಕಾರು, ಇಂಧನ, ಹವಾಮಾನದ ಬಗ್ಗೆ ಅದು ಎಬ್ಬಿಸಿದ ಚರ್ಚೆ ನಿಲ್ಲಲಿಲ್ಲ. ಕಾಲು ಶತಮಾನ ಕಳೆದ ಈ ಹೊತ್ತಿನಲ್ಲಿ ಆ ಚರ್ಚೆಯಲ್ಲಿ ಏನು ತೀರ್ಮಾನವಾಯಿತು, ಏನು ಉಳಿಯಿತು ಎಂದು ಹಿಂದಿರುಗಿ ನೋಡಬೇಕಾಗಿದೆ.

ತೀರ್ಮಾನವಾದದ್ದನ್ನು ಬೇಗ ಹೇಳಿ ಮುಗಿಸಬಹುದು. ಭೂಮಿ ಬಿಸಿಯೇರುತ್ತಿರುವುದು ಮನುಷ್ಯನಿಂದಲೇ ಎಂಬುದು ಈಗ ವಾದದ ವಿಷಯವಲ್ಲ. ಹವಾಯಿಯ ಮೌನಾ ಲೋವಾದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳತೆ ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 315 ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. 2021ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಮನುಷ್ಯನ ಪಾತ್ರದ ಬಗ್ಗೆ ಸಂಶಯಕ್ಕೆ ಎಡೆಯೇ ಇಲ್ಲ ಎಂದಿತು. ಕೈಗಾರಿಕೆಗಳು ಬರುವ ಮೊದಲಿನ ಕಾಲಕ್ಕಿಂತ ಒಂದೂವರೆ ಡಿಗ್ರಿ ಹೆಚ್ಚು ಬಿಸಿಯಾದ ಮೊದಲ ವರ್ಷವಾಗಿ 2024 ದಾಖಲಾಯಿತು. ಒಂದೇ ವರ್ಷದ ಲೆಕ್ಕದಿಂದ ಪ್ಯಾರಿಸ್ ಒಪ್ಪಂದದ ಮಿತಿ ಮುರಿಯಿತೆನ್ನಲಾಗದು, ಆದರೆ ದಾರಿ ಯಾವ ಕಡೆಗಿದೆ ಎಂಬುದು ಸ್ಪಷ್ಟ.

ಉಳಿದ ಪ್ರಶ್ನೆಗಳೇ ಕಷ್ಟದವು. ‘ವಿದ್ಯುತ್ ಕಾರಿನ ಹೊಗೆ ಸೈಲೆನ್ಸರ್‌ನಲ್ಲಿ ಬರುವ ಬದಲು ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಯಲ್ಲಿ ಬರುತ್ತದೆ, ಅಷ್ಟೇ’ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಇದು ಹಟದ ಮಾತೆಂದು ತಳ್ಳಿಹಾಕುವುದು ಸರಿಯಲ್ಲ. ಲೆಕ್ಕ ಹಾಕಿ ನೋಡಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೊ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಲೀಟರಿಗೆ 18 ಕಿಲೊಮೀಟರ್ ಕೊಡುವ ಸಣ್ಣ ಕಾರು ಕಿಲೊಮೀಟರಿಗೆ 130 ಗ್ರಾಂನಷ್ಟು ಉಗುಳುತ್ತದೆ. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ ತಯಾರಿಸಲು ಸರಾಸರಿ 700 ಗ್ರಾಂ ಹೊರಬೀಳುತ್ತದೆ. ಯೂನಿಟ್ಟಿಗೆ ಏಳು ಕಿಲೊಮೀಟರ್ ಓಡುವ ವಿದ್ಯುತ್ ಕಾರಿನ ಪಾಲು 100 ಗ್ರಾಂ. ತಂತಿಯಲ್ಲಿ ಸೋರಿಹೋಗುವುದನ್ನು ಸೇರಿಸಿದರೆ ಇನ್ನೂ ಸ್ವಲ್ಪ ಜಾಸ್ತಿ. ಲಾಭ ಇದೆ, ಆದರೆ ಜಾಹೀರಾತುಗಳು ಹೇಳುವಷ್ಟಿಲ್ಲ. ಯೂನಿಟ್ಟಿಗೆ ಐದೇ ಕಿಲೊಮೀಟರ್ ಓಡುವ ಭಾರಿ ಎಸ್‌ಯುವಿಯಾದರೆ ಸಣ್ಣ ಪೆಟ್ರೋಲ್ ಕಾರಿಗಿಂತ ಅದು ಮೇಲೆಂದು ಹೇಳುವಂತೆಯೇ ಇಲ್ಲ.

ಸ್ಕೂಟರಿನ ಲೆಕ್ಕ ಬೇರೆ. ಪೆಟ್ರೋಲ್ ಸ್ಕೂಟರಿನದು ಕಿಲೊಮೀಟರಿಗೆ ಸುಮಾರು 50 ಗ್ರಾಂ, ವಿದ್ಯುತ್ ಸ್ಕೂಟರಿನದು ಅದರ ಅರ್ಧ. ಇನ್ನೊಂದು ಲೆಕ್ಕವನ್ನು ಮಾತ್ರ ನಾವು ಹಾಕಿದ್ದೇ ಕಡಿಮೆ. ಲೀಟರಿಗೆ ನಾಲ್ಕೂವರೆ ಕಿಲೊಮೀಟರ್ ಓಡುವ ಹಳೆಯ ಡೀಸೆಲ್ ಬಸ್ಸಿನಲ್ಲಿ ನಲವತ್ತು ಜನ ಕುಳಿತಿದ್ದರೆ ತಲೆಗೆ ಬೀಳುವುದು 15 ಗ್ರಾಂ. ಒಬ್ಬರೇ ಕುಳಿತು ಓಡಿಸುವ ವಿದ್ಯುತ್ ಕಾರಾಗಲಿ ಸ್ಕೂಟರಾಗಲಿ ಇಂದಿನ ಸ್ಥಿತಿಯಲ್ಲಿ ಈ ಬಸ್ಸನ್ನು ಮೀರಿಸುವುದಿಲ್ಲ.

ಚಿಮಣಿಯ ವಾದಕ್ಕೆ ನಿಜವಾದ ಉತ್ತರ ಕೊಡಬೇಕಾದದ್ದು ವಿದ್ಯುತ್ ಜಾಲ. ಅಲ್ಲಿ ಬದಲಾವಣೆ ಆಗಿದೆ. 2025ರ ಮಧ್ಯಭಾಗಕ್ಕೆ ದೇಶದ ಸ್ಥಾಪಿತ ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು, ಅನಿಲಗಳ ಹೊರಗಿನದು ಎಂದು ಕೇಂದ್ರ ಸರ್ಕಾರ ಪ್ರಕಟಿಸಿತು. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಸೂರ್ಯ ಮುಳುಗಿದ ಮೇಲೆ ಸೌರ ಫಲಕ ಸುಮ್ಮನಾಗುತ್ತದೆ. ಹಾಗಾಗಿ ನಿಜವಾಗಿ ತಯಾರಾಗುವ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಇನ್ನೂ ಶೇ 70ರ ಆಸುಪಾಸಿನಲ್ಲಿದೆ.

ಕರ್ನಾಟಕದ ಸ್ಥಿತಿ ದೇಶಕ್ಕಿಂತ ಮೇಲು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಒಯ್ದ ನಾಡು ಇದು. ಆದರೆ 2023ರಲ್ಲಿ ಮಳೆ ಕೈಕೊಟ್ಟಾಗ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳಲ್ಲಿ ಬರ ಘೋಷಣೆಯಾಯಿತು, ಜಲಾಶಯಗಳು ಬತ್ತಿದವು, ಪಂಪ್‌ಸೆಟ್ಟಿನ ಬೇಡಿಕೆ ಏರಿತು. ಅಕ್ಟೋಬರಿನಲ್ಲಿ ರೈತರು ಲೋಡ್ ಶೆಡ್ಡಿಂಗ್ ವಿರುದ್ಧ ಬೀದಿಗಿಳಿದರು. ಹವಾಮಾನವನ್ನು ಉಳಿಸಬೇಕಾದ ಜಲವಿದ್ಯುತ್ತು ಹವಾಮಾನದ ಹೊಡೆತಕ್ಕೇ ಮೊದಲು ಸಿಕ್ಕಿತು. ನಮ್ಮ ಇಂಧನ ನೀತಿಯ ಚರ್ಚೆಯಲ್ಲಿ ಆ ವರ್ಷವನ್ನು ಯಾರೂ ಮರೆಯಬಾರದು.

ಶುದ್ಧ ಶಕ್ತಿಗೆ ಬೆಲೆ ತೆರುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಪಾವಗಡಕ್ಕೆ ಹೋಗಬೇಕು. ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದಿದೆ. ಸರ್ಕಾರ ಜಮೀನನ್ನು ವಶಪಡಿಸಿಕೊಳ್ಳದೆ ಗುತ್ತಿಗೆಗೆ ಪಡೆಯಿತು: ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಗುಳೆ ಎನ್ನುವಂತಿದ್ದ ಸೀಮೆಯಲ್ಲಿ ಇದು ಮೆಚ್ಚತಕ್ಕ ಏರ್ಪಾಡು. ಪಹಣಿ ಇದ್ದವರಿಗೆ ಹಣ ಬಂತು. ಪಹಣಿಯಲ್ಲಿ ಹೆಸರಿಲ್ಲದ ಕೂಲಿಯವರಿಗೆ, ಆ ಬಯಲಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯಲ್ಲಿ ಪಾಲಿರಲಿಲ್ಲ. ಇದ್ದ ಕೆಲಸವೂ ಹೋಯಿತು. ಫಲಕ ತೊಳೆಯುವುದು, ಕಳೆ ಕೀಳುವುದು, ಕಾವಲು ಕಾಯುವುದು ಎಷ್ಟು ಜನರ ಹೊಟ್ಟೆ ತುಂಬೀತು? ಮುಂದಿನ ಪಾರ್ಕ್‌ಗಳಲ್ಲಾದರೂ ಭೂರಹಿತರಿಗೆ ವರ್ಷವರ್ಷವೂ ಒಂದು ಪಾಲು ಸಿಗಬೇಕು. ಇದನ್ನು ಕೇಳುವುದು ಸೌರಶಕ್ತಿಯ ವಿರೋಧವಲ್ಲ.

ಶರಾವತಿಯಲ್ಲಿ ಪ್ರಶ್ನೆ ಇನ್ನೂ ಬಿಗಿಯಾಗಿದೆ. ಹಗಲಿನ ಸೌರ ವಿದ್ಯುತ್ತನ್ನು ಸಂಜೆಗೆ ಕೂಡಿಡಲು ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಹೊರಟಿದೆ. ಸಂಗ್ರಹಣೆ ಬೇಕು, ಸಂದೇಹವಿಲ್ಲ. ಆದರೆ ಸಿಂಗಳೀಕಗಳ ಅಭಯಾರಣ್ಯದ ನೆಲದೊಳಗೆ ಸುರಂಗ ಕೊರೆದೇ ಅದು ಆಗಬೇಕೆ? ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ ಬಿಟ್ಟವರ ಕುಟುಂಬಗಳು ಅರವತ್ತು ವರ್ಷಗಳ ಬಳಿಕವೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿರುವಾಗ, ಅದೇ ಕಣಿವೆಯ ಮೇಲೆ ಇನ್ನೊಂದು ಹೊರೆ ಹೊರಿಸುವುದು ಅನ್ಯಾಯ. ಬ್ಯಾಟರಿ ಸಂಗ್ರಹಣೆಯ ದರ ಇಳಿಯುತ್ತಿರುವ ಈ ಕಾಲದಲ್ಲಿ ಕಾಡಿನ ಹೊರಗಿನ ದಾರಿಗಳನ್ನು ಮೊದಲು ನೋಡಬೇಕೆಂಬುದು ನಮ್ಮ ಸ್ಪಷ್ಟ ನಿಲುವು.

ಇನ್ನು, ಈ ಕಾಲು ಶತಮಾನದಲ್ಲಿ ಎಲ್ಲಕ್ಕಿಂತ ಕಡಿಮೆ ಚರ್ಚೆಯಾದ ಸಂಗತಿ: ಕಾರುಗಳ ಸಂಖ್ಯೆ. 2017ರಲ್ಲಿ ವಿದ್ಯುತ್ ವಾಹನ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. ಬಂಡವಾಳ, ಕಾರ್ಖಾನೆ, ಚಾರ್ಜಿಂಗ್ ಕೇಂದ್ರಗಳ ಬಗ್ಗೆ ಅದು ಯೋಚಿಸಿತು. ಬೆಂಗಳೂರಿನ ರಸ್ತೆಗೆ ಎಷ್ಟು ವಾಹನ ಸಾಕು ಎಂಬುದನ್ನು ಅಂದೂ ಯಾರೂ ಕೇಳಲಿಲ್ಲ, ಈಗಲೂ ಕೇಳುತ್ತಿಲ್ಲ. ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಅವೆಲ್ಲ ನಾಳೆಯೇ ವಿದ್ಯುತ್ ವಾಹನಗಳಾದರೂ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನಗಳ ಸಾಲು ಒಂದಡಿಯೂ ಕರಗುವುದಿಲ್ಲ. ನಗರದ ಇಂಥ ಸಾಲುಗಳನ್ನು ಕರಗಿಸಲೆಂದು 2016ರಲ್ಲಿ ಉಕ್ಕಿನ ಮೇಲ್ಸೇತುವೆಯ ಪ್ರಸ್ತಾಪ ಬಂತು. ಜನ ಕೈ ಕೈ ಹಿಡಿದು ಬೀದಿಯಲ್ಲಿ ನಿಂತು 2017ರಲ್ಲಿ ಅದನ್ನು ಕೈಬಿಡಿಸಿದರು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆಯ ಮಾತು. ಸಾವಿರಾರು ಕೋಟಿ ರೂಪಾಯಿ ಹೋಗುವುದು ಮತ್ತೆ ಕಾರಿಗೇ.

ಒಳ್ಳೆಯದೂ ನಡೆದಿದೆ, ಅದನ್ನು ಮನಸಾರೆ ಹೇಳಬೇಕು. 2023ರ ಜೂನ್‌ನಲ್ಲಿ ಬಂದ ಉಚಿತ ಪ್ರಯಾಣದ ಶಕ್ತಿ ಯೋಜನೆ ಹೆಣ್ಣುಮಕ್ಕಳನ್ನು ಬಸ್ಸಿಗೆ ಕರೆತಂದಿತು. ಬಿಎಂಟಿಸಿಯ ವಿದ್ಯುತ್ ಬಸ್ಸುಗಳು ಸಾವಿರ ದಾಟಿವೆ. 2025ರ ಆಗಸ್ಟ್‌ನಲ್ಲಿ ಮೆಟ್ರೊದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಓಡತೊಡಗಿತು. ಆದರೆ ಅದೇ ವರ್ಷದ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ಟಿಕೆಟ್ ದರ 60 ರೂಪಾಯಿಯಿಂದ 90ಕ್ಕೆ ಏರಿತ್ತು, ಏರಿದ ಕೂಡಲೇ ಪ್ರಯಾಣಿಕರ ಸಂಖ್ಯೆ ಇಳಿದಿತ್ತು. ದುಬಾರಿ ವಿದ್ಯುತ್ ಕಾರು ಕೊಳ್ಳುವವರಿಗೆ ವರ್ಷಗಟ್ಟಲೆ ಆಜೀವ ತೆರಿಗೆ ಬಿಟ್ಟುಕೊಟ್ಟ ರಾಜ್ಯ, ದಿನಗೂಲಿಯವನ ಮೆಟ್ರೊ ಟಿಕೆಟ್ಟಿನ ಹೊರೆಯನ್ನೂ ಹೊರಬಹುದಿತ್ತು. ಮುಂದಿನ ಬಜೆಟ್ಟಿನಲ್ಲಿ ಸುರಂಗ ರಸ್ತೆಯ ಹಣವನ್ನು ಬಸ್ಸಿಗೆ, ಬಸ್ಸಿಗೇ ಮೀಸಲಾದ ಪಥಕ್ಕೆ, ಉಪನಗರ ರೈಲಿಗೆ ಕೊಡಲಿ. ಶಾಸಕರು ತಮ್ಮ ಕ್ಷೇತ್ರದ ಮೇಲ್ಸೇತುವೆಯ ಬದಲು ಹೆಚ್ಚುವರಿ ಬಸ್ಸುಗಳನ್ನು ಕೇಳಲಿ.