ಮೊದಲು ಅಳತೆ ಹೇಳಿ ಸ್ವಾಮಿ

ಕಾರಿನ ಬ್ರೇಕ್ ಡಿಸ್ಕ್ ವಿಚಾರದಲ್ಲಿ ನಾನು ಕಂಡ ಹಾಗೆ ಎರಡು ಪಂಗಡಗಳಿವೆ. ಮೊದಲನೆಯದು ಬೆಂಗಳೂರಿನ ಸರ್ವಿಸ್ ಸೆಂಟರ್ ಪಂಗಡ. ಡಿಸ್ಕಿನ ಮೇಲೆ ಗೆರೆ ಕಂಡರೆ, ಅಂಚಿನಲ್ಲಿ ತುಕ್ಕು ಕಂಡರೆ, ಮೀಟರು ನಲವತ್ತು ಸಾವಿರ ದಾಟಿದ್ದರೆ ಇವರದ್ದು ಒಂದೇ ಮಂತ್ರ: "ಎರಡೂ ಚೇಂಜ್ ಮಾಡ್ಬಿಡೋಣ, ಸೇಫ್ಟಿ ಮ್ಯಾಟರು." ಎರಡನೆಯದು ನಮ್ಮ ಚಿಕ್ಕಜಾಜೂರು, ಹೊಳಲ್ಕೆರೆ ಕಡೆಯ ಪಂಗಡ. ಇವರ ಪ್ರಕಾರ ಡಿಸ್ಕ್ ಅಂದ್ರೆ ಕಬ್ಬಿಣ, ಗಟ್ಟಿಮುಟ್ಟಾಗಿರೋ ಕಬ್ಬಿಣವನ್ನ ಯಾರಾದ್ರೂ ಬಿಸಾಕ್ತಾರಾ, "ಲೇತಿಗೆ ಕೊಟ್ಟು ಒಂದ್ಸಲ ಹೊಡೆಸ್ಕಂಡ್ ಬಾ, ಇನ್ನೂ ಐದು ವರ್ಷ ಏನೂ ಆಗಲ್ಲ." ಈ ಎರಡೂ ಪಂಗಡಗಳು ಒಂದೇ ಒಂದು ವಿಷಯದಲ್ಲಿ ಒಗ್ಗಟ್ಟಾಗಿವೆ. ಇಬ್ಬರೂ ಅಳೆಯೋದಿಲ್ಲ.

ನನ್ನ ಜಗಳ ಇರೋದು ಇದರ ಬಗ್ಗೆ. ಡಿಸ್ಕನ್ನ ಹಾಗೇ ಬಿಡಬೇಕಾ, ಲೇತಿನಲ್ಲಿ ಸವರಿಸಬೇಕಾ, ಹೊಸದು ಹಾಕಬೇಕಾ ಅನ್ನೋದು ಅಭಿಪ್ರಾಯದ ಪ್ರಶ್ನೆಯೇ ಅಲ್ಲ. ಅದಕ್ಕೊಂದು ಸಂಖ್ಯೆ ಇದೆ. ಡಿಸ್ಕಿನ ಅಂಚಿನಲ್ಲೋ, ನಡುವಿನ ಟೋಪಿಯಂಥ ಭಾಗದಲ್ಲೋ 'ಮಿನ್ ಟಿಎಚ್' ಅಂತ ಅಚ್ಚೊತ್ತಿ ಪಕ್ಕದಲ್ಲಿ ಮಿಲಿಮೀಟರ್ ಕೊಟ್ಟಿರ್ತಾರೆ. ಮಿನಿಮಮ್ ಥಿಕ್‌ನೆಸ್. ಅದಕ್ಕಿಂತ ತೆಳ್ಳಗಾದರೆ ಆ ಡಿಸ್ಕಿನ ಕಥೆ ಮುಗಿಯಿತು. ತುಕ್ಕು ಹಿಡಿದು ಅಕ್ಷರ ಕಾಣದಿದ್ದರೆ ವೈರ್ ಬ್ರಶ್ ಹಾಕಿ ಉಜ್ಜಿದರಾಯ್ತು. ಅದೂ ಆಗದಿದ್ದರೆ ಕಂಪನಿಯ ವರ್ಕ್‌ಶಾಪ್ ಮ್ಯಾನುಯಲ್ಲಿನಲ್ಲಿ ಇದ್ದೇ ಇರುತ್ತೆ.

ಕಳೆದ ವರ್ಷ ನನ್ನ ಕಾರನ್ನ ಸರ್ವಿಸ್‌ಗೆ ಬಿಟ್ಟಿದ್ದೆ. ಮಧ್ಯಾಹ್ನ ಮೀಟಿಂಗಿನಲ್ಲಿರುವಾಗ ವಾಟ್ಸಾಪಿಗೆ ಎಸ್ಟಿಮೇಟ್ ಬಂತು. ಮುಂದಿನ ಡಿಸ್ಕ್ ಎರಡು, ಪ್ಯಾಡ್ ಸೆಟ್ ಒಂದು, ಲೇಬರ್ ಸೇರಿ 14,200 ರೂಪಾಯಿ. ಕೆಳಗೊಂದು ಹಸಿರು ಬಟನ್, ಅಪ್ರೂವ್. ಫೋನ್ ಮಾಡಿ ಡಿಸ್ಕ್ ದಪ್ಪ ಎಷ್ಟು ಉಳಿದಿದೆ ಅಂತ ಕೇಳಿದೆ. ಅಡ್ವೈಸರ್ ಹುಡುಗ ಮರ್ಯಾದೆಯಿಂದಲೇ, "ಮೇಡಂ, ಟೆಕ್ನಿಷಿಯನ್ ನೋಡಿದ್ದಾರೆ, ಗೆರೆ ಬಿದ್ದಿದೆ" ಅಂದ. ಗೆರೆ ಬಿದ್ದಿರೋದು ಸರಿ, ಅಳತೆ? ಒಂದು ನಿಮಿಷ ಹೋಲ್ಡ್. ಆಮೇಲೆ, "ಸರ್ ನಂಬರ್ ಇದ್ರೆ ಕೊಡಿ ಮೇಡಂ, ಅವರಿಗೆ ಎಕ್ಸ್‌ಪ್ಲೇನ್ ಮಾಡ್ತೀನಿ." ಯಾವ ಸರ್ ಅಂತ ನನಗಿನ್ನೂ ಗೊತ್ತಾಗಿಲ್ಲ. ಕಾರು ನನ್ನದು, ಇಎಂಐ ನನ್ನದು. ಸಂಜೆ ಹೋಗಿ ಕೇಳಿದಾಗ ತಿಳಿದದ್ದು, ಅಷ್ಟು ದೊಡ್ಡ ವರ್ಕ್‌ಶಾಪಿನಲ್ಲಿ ಆ ದಿನ ಕೈಗೆ ಸಿಗುವಂಥ ಒಂದು ಮೈಕ್ರೊಮೀಟರ್ ಇರಲಿಲ್ಲ. ಕಾಫಿ ಮೆಷಿನ್ ಇತ್ತು.

ಡಿಸ್ಕ್ ಬೇಡ ಅಂತ ಬರೆಸಿ ಕಾರು ತಂದೆ. ಪರಿಚಯದ ಗ್ಯಾರೇಜಿನಲ್ಲಿ ಗಾಲಿ ಬಿಚ್ಚಿಸಿ ಅಳೆಸಿದೆ. ಹೊಸದರಲ್ಲಿ 22 ಮಿ.ಮೀ., ಮಿತಿ 20. ನನ್ನದು ಎಡಕ್ಕೆ 21.3, ಬಲಕ್ಕೆ 21.4. ಗೆರೆ ಉಗುರಿಗೆ ಸಿಗುತ್ತಿತ್ತು, ಸಿಕ್ಕಿಹಾಕಿಕೊಳ್ಳುವಷ್ಟು ಆಳ ಇರಲಿಲ್ಲ. ಪ್ಯಾಡ್ ಮಾತ್ರ ನಿಜವಾಗಿಯೂ ಸವೆದಿತ್ತು. ಅದನ್ನು ಹಾಕಿಸಿದೆ.

ಇದನ್ನು ಓದಿ "ನೋಡಿದ್ರಾ, ಸರ್ವಿಸ್ ಸೆಂಟರ್‌ನವರೆಲ್ಲ ಕಳ್ಳರು" ಅಂತ ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಹಾಕಬೇಡಿ. ಊರಿನ ಕಥೆ ಕೇಳಿ.

ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಸೋದರಮಾವನ ಕಾರು ಬ್ರೇಕ್ ಹಾಕಿದಾಗಲೆಲ್ಲ ಸ್ಟೇರಿಂಗ್ ಅದುರಿಸುತ್ತಿತ್ತು. ಎರಡು ಸಲ ಲೇತಿಗೆ ಕೊಟ್ಟಾಗಿತ್ತಂತೆ. ಮೂರನೇ ಸಲಕ್ಕೆ ಹೊರಟಿದ್ದರು. ಅಳೆಸಿದರೆ 19.1. ಅದರ ಮೇಲೂ ಅಚ್ಚಾಗಿದ್ದ ಮಿತಿ 20. ಅಂದರೆ ಎಷ್ಟು ತಿಂಗಳಿಂದಲೋ ಆ ಕಾರು ಮಕ್ಕಳು ಮರಿ ಹತ್ತಿಸಿಕೊಂಡು ದಾವಣಗೆರೆಗೂ ಚಿತ್ರದುರ್ಗಕ್ಕೂ ಓಡಾಡಿದ್ದು ಬಿಸಾಡಬೇಕಿದ್ದ ಡಿಸ್ಕಿನ ಮೇಲೆ. ಹೇಳಿದರೆ ಮಾವ ನಕ್ಕರು. "ಕಬ್ಬಿಣಕ್ಕೂ ಎಕ್ಸ್‌ಪೈರಿ ಡೇಟ್ ಐತೇನವ್ವಾ?" ಐತೆ ಮಾವ, ಅದರ ಮೈಮೇಲೇ ಬರ್ದೈತೆ.

ಇಲ್ಲಿ ಒಂದು ಲೆಕ್ಕ ಸ್ಪಷ್ಟವಾಗಬೇಕು. ಆ 20 ಇದೆಯಲ್ಲ, ಅದು ಸವರಿಸಿ ಸವರಿಸಿ ತಲುಪಬೇಕಾದ ಗುರಿಯಲ್ಲ. ಅಲ್ಲಿಗೆ ಬಂದಾಗ ಕಳಚಿ ಹಾಕಬೇಕು ಅಂತ ಅರ್ಥ. 20.5 ಇರೋ ಡಿಸ್ಕನ್ನ ಸವರಿಸಿ 20.1 ಮಾಡಿಕೊಟ್ಟರೆ ಕಾಗದದ ಮೇಲೆ ಪಾಸು. ಆದರೆ ಹೊಸ ಪ್ಯಾಡು ಅದನ್ನು ಇನ್ನೂ ಸವೆಸುತ್ತೆ ತಾನೇ? ಕೆಲವೇ ಸಾವಿರ ಕಿಲೋಮೀಟರಿಗೆ ಅದು ಮಿತಿಯ ಕೆಳಗೆ ಹೋಗಿರುತ್ತೆ, ಆಗ ಯಾರೂ ನೋಡುತ್ತಿರುವುದಿಲ್ಲ. ಆದ್ದರಿಂದ ಸವರಿಸಿದ ಮೇಲೂ ಒಂದು ಜೊತೆ ಪ್ಯಾಡಿನ ಆಯಸ್ಸಿಗೆ ಸಾಕಾಗುವಷ್ಟು ಲೋಹ ಉಳಿಯುವುದಾದರೆ ಮಾತ್ರ ಲೇತು. ಉಳಿಯದಿದ್ದರೆ ಹೊಸದು, ಅದೂ ಎಡ ಬಲ ಎರಡೂ ಒಟ್ಟಿಗೆ. ಒಂದು ಕಡೆ ಮಾತ್ರ ಹಾಕಿದರೆ ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯಬಹುದು.

ಎರಡು ಮಿಲಿಮೀಟರಿಗೆ ಇಷ್ಟೊಂದು ರಂಪವಾ ಅಂತ ಕೇಳುವವರಿಗೆ: 1,200 ಕೆಜಿ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದಾಗ ಅದರಲ್ಲಿರುವ ಶಕ್ತಿ ಸುಮಾರು 460 ಕಿಲೋಜೌಲ್. ಒಂದೂವರೆ ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು. ಗಕ್ಕನೆ ನಿಲ್ಲಿಸಿದಾಗ ಆ ಶಕ್ತಿಯ ಬಹುಪಾಲು ಕೆಲವೇ ಸೆಕೆಂಡುಗಳಲ್ಲಿ ಶಾಖವಾಗಿ ಮುಂದಿನ ಎರಡು ಡಿಸ್ಕುಗಳಿಗೆ ಇಳಿಯುತ್ತೆ. ಐವತ್ತರ ವೇಗದಲ್ಲಿ ಇದರ ಕಾಲು ಭಾಗ ಅಷ್ಟೇ, ಹಾಗಾಗಿ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ತೆಳ್ಳಗಿನ ಡಿಸ್ಕ್ ಏನನ್ನೂ ಹೇಳಿಕೊಡುವುದಿಲ್ಲ. ಹೇಳೋದು ಶುಕ್ರವಾರ ರಾತ್ರಿ. ತುಮಕೂರು, ಶಿರಾ, ಹಿರಿಯೂರು ದಾಟಿ ನೂರರಲ್ಲಿ ಹೋಗುತ್ತಿರುವಾಗ ಎದುರಿಗೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಬಂದಾಗ. ಚಿತ್ರದುರ್ಗದಲ್ಲಿ ಹೈವೇ ಬಿಟ್ಟು ಹೊಳಲ್ಕೆರೆ ಕಡೆ ತಿರುಗಿದ ಮೇಲೆ ಬಣ್ಣ ಬಳಿಯದ ಹಂಪು, ಅರ್ಧ ರಸ್ತೆಗೆ ಹರವಿದ ಮೆಕ್ಕೆಜೋಳ, ತಿರುವಿನಲ್ಲಿ ಕುರಿ ಹಿಂಡು. ಒಂದರ ಹಿಂದೆ ಒಂದು ಬ್ರೇಕು. ಲೋಹ ಕಡಿಮೆ ಇದ್ದಷ್ಟೂ ಅದೇ ಶಾಖಕ್ಕೆ ಡಿಸ್ಕ್ ಹೆಚ್ಚು ಕಾಯುತ್ತೆ. ವಿಪರೀತ ಕಾದಾಗ ಪ್ಯಾಡಿನ ಹಿಡಿತ ಸಡಿಲುತ್ತೆ, ಹಳೇ ಬ್ರೇಕ್ ಆಯಿಲ್ ಇದ್ದರೆ ಅದು ಕುದ್ದು ಪೆಡಲ್ಲು ಮೆತ್ತಗಾಗುತ್ತೆ, ಎರಕದ ಕಬ್ಬಿಣ ಬಿರುಕು ಬಿಡಲೂಬಹುದು. ಎಬಿಎಸ್ ಇದೆಯಲ್ಲ ಅಂತೀರಾ? 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯವೇ. ಎಬಿಎಸ್ ಗಾಲಿ ಲಾಕ್ ಆಗದಂತೆ ತಡೆಯುತ್ತೆ. ಇಲ್ಲದ ಕಬ್ಬಿಣವನ್ನು ಅದು ಎಲ್ಲಿಂದ ತರಬೇಕು?

ನಮ್ಮೂರು ಚಿಕ್ಕದಾದರೂ ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಗೆ ಹೋಗುವ ಲೈನು ಕವಲೊಡೆಯೋದು ಇಲ್ಲೇ. ಹಳೇ ಬೋಗಿಗಳಲ್ಲಿ ಬ್ರೇಕಿನ ಬ್ಲಾಕು ನೇರವಾಗಿ ಗಾಲಿಗೇ ಉಜ್ಜುತ್ತಿತ್ತು. ಈಗ ಬರುತ್ತಿರೋ ಎಲ್‌ಎಚ್‌ಬಿ ಬೋಗಿಗಳಲ್ಲಿ ಕಾರಿನ ಹಾಗೇ ಡಿಸ್ಕ್, ಆಕ್ಸಲ್ ಮೇಲೆ ಕೂತಿರುತ್ತೆ. 640 ಮಿ.ಮೀ. ವ್ಯಾಸ, 110 ಮಿ.ಮೀ. ದಪ್ಪ, ಒಂದೊಂದು ಮುಖಕ್ಕೆ 7 ಮಿ.ಮೀ. ಸವೆಯಬಹುದು. ಗಾಲಿ ಹೊಸದರಲ್ಲಿ 915 ಮಿ.ಮೀ., ಸವೆದು, ಲೇತಿನಲ್ಲಿ ಸವರಿಸಿಕೊಂಡು 845ಕ್ಕೆ ಬಂದರೆ ರದ್ದು. ಅಲ್ಲಿ ಡಿಪೋದವರು "ಗೆರೆ ಬಿದ್ದಿದೆ ಸರ್, ಚೇಂಜ್ ಮಾಡೋಣ" ಅನ್ನೋದಿಲ್ಲ. "ಇನ್ನೊಂದ್ಸಲ ಹೊಡೆಸಿದ್ರೆ ಆಯ್ತು" ಅಂತಲೂ ಅನ್ನೋದಿಲ್ಲ. ಗೇಜ್ ಇಟ್ಟು ಅಳೆಯೋದೇ ಒಬ್ಬರ ಕೆಲಸ, ಅದಕ್ಕೆ ಸಂಬಳ ಇದೆ. ಪ್ಲಾಟ್‌ಫಾರಮ್ಮಿನಲ್ಲಿ ನಿಂತು ರೈಲ್ವೆಯನ್ನು ಬೈಯೋ ನಮ್ಮ ಕಾರಿಗೆ ಆ ಒಬ್ಬರು ಯಾರು?

ಕಾನೂನನ್ನು ಕೇಳಿದರೆ ಯಾರೂ ಇಲ್ಲ. ಲಾರಿ, ಟ್ಯಾಕ್ಸಿಗೆ ಕಾಲಕಾಲಕ್ಕೆ ಎಫ್‌ಸಿ ಇದೆ. ಸ್ವಂತ ಕಾರಿಗೆ ನೋಂದಣಿ ಆದ ಮೇಲೆ 15 ವರ್ಷ ಯಾರೂ ಬ್ರೇಕ್ ಪರೀಕ್ಷಿಸಬೇಕಾಗಿಲ್ಲ. ಹೊಗೆ ಮಾತ್ರ ನೋಡ್ತಾರೆ. ಅಷ್ಟು ವರ್ಷ ಆ ಕೆಲಸ ಬೀಳೋದು ಸರ್ವಿಸ್ ಸೆಂಟರಿನ ಮೇಲೆ, ಇಲ್ಲದಿದ್ದರೆ ನಮ್ಮ ಮೇಲೆ. ಅಲ್ಲಿ ಅಡ್ವೈಸರ್‌ಗೆ ತಿಂಗಳ ಟಾರ್ಗೆಟ್ ಇರುತ್ತೆ, ಅಳೆದಿದ್ದಕ್ಕೆ ಇನ್ಸೆಂಟಿವ್ ಇರೋದಿಲ್ಲ. ಅವನನ್ನು ಬೈದು ಪ್ರಯೋಜನ ಕಡಿಮೆ. ಗಾಲಿ ಬಿಚ್ಚಿದ್ದಾಗ ಐದು ನಿಮಿಷದ ಕೆಲಸ ಇದು, ಟೈರಿನ ಉಳಿಕೆ ಬರೆಯುವ ಜಾಬ್ ಕಾರ್ಡಿನಲ್ಲಿ ಇದಕ್ಕೂ ಎರಡು ಖಾನೆ ಹಾಕಿ ಅಂತ ಕಂಪನಿಗಳನ್ನು ಕೇಳಬೇಕಾದವರು ಗ್ರಾಹಕರು.

ಗ್ರಾಹಕರು ಯಾರು? ನಾವೇ. ಆಫೀಸಿನಲ್ಲಿ "ಡೇಟಾ ಎಲ್ಲಿ?" ಅಂತ ಜೂನಿಯರ್‌ಗಳ ಜೀವ ತಿನ್ನುವವರು. ಒಂದು ಬಟನ್ ನೀಲಿ ಇರಬೇಕಾ ಹಸಿರು ಇರಬೇಕಾ ಅನ್ನೋದಕ್ಕೆ ಎರಡು ವಾರ ಟೆಸ್ಟ್ ನಡೆಸುವವರು. ಕಾರು ಕೊಳ್ಳುವಾಗ ಸನ್‌ರೂಫ್ ಎಷ್ಟು ಅಗಲ, ಸ್ಕ್ರೀನ್ ಎಷ್ಟು ಇಂಚು ಅಂತ ಮೂರು ತಿಂಗಳು ವಿಡಿಯೋ ನೋಡಿದವರು. ಅದೇ ನಾವು ನಮ್ಮನ್ನು ನಿಲ್ಲಿಸೋ ಏಕೈಕ ವಸ್ತುವಿನ ವಿಚಾರದಲ್ಲಿ ಹಸಿರು ಬಟನ್ ಒತ್ತಿ ಮೀಟಿಂಗಿಗೆ ವಾಪಸ್ ಹೋಗ್ತೀವಿ, ಅಥವಾ ಮಾವನ ಮಾತು ಕೇಳಿ ಲೇತಿಗೆ ಹೋಗ್ತೀವಿ. ಎರಡೂ ಸೋಮಾರಿತನವೇ. ಒಂದು ದುಬಾರಿ, ಇನ್ನೊಂದು ಅಗ್ಗ.

ಅಳೆಸುವಾಗ ಒಂದು ಕಿವಿಮಾತು. ಡಿಸ್ಕಿನ ಹೊರ ಅಂಚಿಗೆ ಪ್ಯಾಡ್ ತಾಗುವುದಿಲ್ಲ, ಹಾಗಾಗಿ ಅಲ್ಲಿ ಸವೆಯದೆ ಒಂದು ದಿಂಡು ಉಳಿದಿರುತ್ತೆ. ಮಾಮೂಲಿ ವರ್ನಿಯರ್ ಹಿಡಿದರೆ ಅದರ ದವಡೆ ಈ ದಿಂಡಿನ ಮೇಲೆ ಕೂತು, ತೆಳ್ಳಗಿನ ಡಿಸ್ಕನ್ನೂ ದಪ್ಪ ಅಂತ ತೋರಿಸುತ್ತೆ. ಮೈಕ್ರೊಮೀಟರ್ ಬೇಕು, ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ, ಸುತ್ತಲೂ ಏಳೆಂಟು ಕಡೆ. ಲೆಕ್ಕಕ್ಕೆ ಬರೋದು ಅತಿ ಕಡಿಮೆ ಬಂದ ಅಳತೆ. ಮಳೆಯಲ್ಲಿ ನಿಂತ ಕಾರಿನ ಡಿಸ್ಕ್ ಮೇಲಿನ ಕೆಂಪು ತುಕ್ಕಿಗೆ ಹೆದರಬೇಡಿ, ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗುತ್ತೆ. ವರ್ಕ್ ಫ್ರಮ್ ಹೋಮ್ ಅಂತ ತಿಂಗಳುಗಟ್ಟಲೆ ಬೇಸ್‌ಮೆಂಟಿನಲ್ಲಿ ಬಿಟ್ಟು ಗುಂಡಿ ಬಿದ್ದಿದ್ದರೆ ಬೇರೆ ಮಾತು. ಬಿರುಕು ಕಂಡರೆ ಅಳತೆಯೂ ಬೇಡ, ಕಳಚಿಸಿ.

ಇನ್ನು ಅದುರುವಿಕೆ. "ಡಿಸ್ಕ್ ಬೆಂಡ್ ಆಗಿದೆ" ಅನ್ನೋದು ಎರಡೂ ಪಂಗಡಗಳ ನೆಚ್ಚಿನ ಸಾಲು. ಎಷ್ಟೋ ಸಲ ಡಿಸ್ಕ್ ಬಾಗಿರೋದೇ ಇಲ್ಲ, ಒಂದು ಕಡೆಗಿಂತ ಇನ್ನೊಂದು ಕಡೆ ಒಂದೆರಡು ನೂರಾಂಶ ಮಿಲಿಮೀಟರ್ ದಪ್ಪ ಹೆಚ್ಚುಕಮ್ಮಿ ಇರುತ್ತೆ. ಅಷ್ಟಕ್ಕೇ ಸ್ಟೇರಿಂಗ್ ನಡುಗುತ್ತೆ. ಅದಕ್ಕೆ ಕಾರಣ ಹಬ್ ಮೇಲೆ ಕೂತ ತುಕ್ಕಿರಬಹುದು, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಗನ್ ಇಟ್ಟು ಅಡ್ಡಾದಿಡ್ಡಿ ಬಿಗಿದ ನಟ್ಟುಗಳಿರಬಹುದು. ಹಬ್ ಮುಖ ಉಜ್ಜದೆ ಹೊಸ ಡಿಸ್ಕ್ ಹಾಕಿದರೂ, ಹಳೇದನ್ನೇ ಸವರಿಸಿ ಹಾಕಿದರೂ, ಕೆಲವು ಸಾವಿರ ಕಿಲೋಮೀಟರಿಗೆ ಅದೇ ನಡುಕ ವಾಪಸ್ ಬರುತ್ತೆ. ಮಾವನ ಕಾರಿಗೆ ಎರಡು ಲೇತಿನ ನಂತರವೂ ಹೋಗದಿದ್ದದ್ದು ಇದೇ ಇರಬೇಕು ಅಂತ ನನ್ನ ಗುಮಾನಿ. ಹೊಸ ಡಿಸ್ಕ್ ಕೂರಿಸುವ ಮುಂಚೆ ಹಬ್ಬಿನಿಂದ ಉಜ್ಜಿ ತೆಗೆದ ತುಕ್ಕು ಒಂದು ಮುಷ್ಟಿ ಇತ್ತು.

ಕೆಲವೊಮ್ಮೆ ಲೆಕ್ಕ ಹಾಕಿದರೆ ಲೇತಿನ ಕೂಲಿ, ಬಿಚ್ಚಿ ಜೋಡಿಸೋ ಕೂಲಿ ಸೇರಿ ಹೊಸ ಡಿಸ್ಕಿನ ಬೆಲೆಗೆ ಹತ್ತಿರ ಬಂದುಬಿಡುತ್ತೆ. ಆಗ ಹೊಸದೇ ಹಾಕಿಸಿ, ನನ್ನ ತಕರಾರಿಲ್ಲ. ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ ನೋಡಿ, ಡಬ್ಬಿ ನೋಡಿ ತಗೊಳ್ಳಿ. ಆದರೆ ಹಾಕಿಸೋ ಮುಂಚೆ ಜಾಬ್ ಕಾರ್ಡಿನಲ್ಲಿ ಎಡ ಇಷ್ಟು, ಬಲ ಇಷ್ಟು, ಮಿತಿ ಇಷ್ಟು ಅಂತ ಬರೆಸಿ. ಬರೆಯಲ್ಲ ಅಂದರೆ ಹಳೇ ಡಿಸ್ಕುಗಳನ್ನ ಡಿಕ್ಕಿಯಲ್ಲಿ ಹಾಕಿಸಿಕೊಳ್ಳಿ, ದುಡ್ಡು ಕೊಟ್ಟ ಕಾರಿನವು, ಅವು ನಿಮ್ಮವೇ. ಮನೆಗೆ ತಂದು ತುಕ್ಕು ಉಜ್ಜಿ ಆ ಅಂಕಿ ಓದಿ, ಹತ್ತಿರದ ಯಾವುದಾದರೂ ಲೇತ್ ಅಂಗಡಿಗೆ ಒಯ್ದು ಅಳೆಸಿ. ಆಮೇಲೆ ಅಳತೆಯ ಫೋಟೋ ತೆಗೆದು ಅದೇ ವಾಟ್ಸಾಪ್ ನಂಬರಿಗೆ ಕಳಿಸಿ.