ಹರಟೆ ಕಟ್ಟೆ: ಗುಂಡಿ ಒತ್ತಿದರೆ ಗೇರು

ಈ ಸಲದ ಯುಗಾದಿ ಊಟದ ಸಾಲಿನಲ್ಲಿ ಕಿರಿಯ ಸದಸ್ಯರೊಬ್ಬರು ತಮ್ಮ ಹೊಸ ಎಲೆಕ್ಟ್ರಿಕ್ ಕಾರನ್ನು ಹೊಗಳುತ್ತಿದ್ದರು. "ಅಂಕಲ್, ಇದರಲ್ಲಿ ಗೇರ್ ಕಡ್ಡಿಯೇ ಇಲ್ಲ, ಬರೀ ಬಟನ್ನು!" ನನಗೆ ನಗು ಬಂತು. ಬಟನ್ ಗೇರಿನ ಕಾರನ್ನು ನಾನು 1971ರಲ್ಲೇ ಓಡಿಸಿದವನು.

ಊರಿನಲ್ಲಿ ನಾನು ಡ್ರೈವಿಂಗ್ ಕಲಿತದ್ದು ದೊಡ್ಡಪ್ಪನ ಫಿಯೆಟ್ 1100ರಲ್ಲಿ. ಅದರ ಗೇರು ಸ್ಟೀರಿಂಗಿನ ಪಕ್ಕದಲ್ಲೇ ಇತ್ತು. ನಾವೆಲ್ಲ 'ಹ್ಯಾಂಡ್ ಗೇರ್' ಎನ್ನುತ್ತಿದ್ದೆವು. ನಡುವೆ ಕಡ್ಡಿ ಇಲ್ಲದ್ದರಿಂದ ಮುಂದಿನ ಸೀಟಿನಲ್ಲಿ ಮೂವರು ಧಾರಾಳವಾಗಿ ಕೂರಬಹುದಿತ್ತು. ಮದುವೆ ಮನೆಗೆ ಹೊರಟರೆ ನಾಲ್ವರು!

ಆ ಅಭ್ಯಾಸದ ಕೈಗೆ ಅಮೆರಿಕದಲ್ಲಿ ಸಿಕ್ಕಿದ್ದು 1963ರ ಹಳೆಯ ಡಾಡ್ಜ್ ಡಾರ್ಟ್. ಸ್ಟೀರಿಂಗಿನ ಎಡಗಡೆ ಡ್ಯಾಶ್‌ಬೋರ್ಡಿನಲ್ಲಿ ರಿವರ್ಸ್, ನ್ಯೂಟ್ರಲ್, ಡ್ರೈವ್ ಎಂದು ಗುಂಡಿಗಳು. ಪಾರ್ಕ್‌ಗೆ ಮಾತ್ರ ಪಕ್ಕದಲ್ಲಿ ಬೇರೆಯೇ ಒಂದು ಸಣ್ಣ ಹಿಡಿ. ಊರಿನಿಂದ ಆಗತಾನೆ ಬಂದಿದ್ದ ನಮ್ಮಾಕೆ, "ಏನ್ರೀ, ರೇಡಿಯೋನ ಈ ಮೂಲೇಲಿ ಇಟ್ಟಿದ್ದಾರೆ?" ಎಂದು ಕೇಳಿದಳು.

ಕ್ರೈಸ್ಲರ್ ಕಂಪನಿಯವರು 1956ರಿಂದ 1964ರ ಮಾದರಿಗಳವರೆಗೆ ಇಂಥ ಗುಂಡಿಗಳನ್ನು ಕೊಟ್ಟರು. 1958ರ ಎಡ್ಸೆಲ್ ಕಾರಿನಲ್ಲಂತೂ ಗುಂಡಿಗಳು ಸ್ಟೀರಿಂಗ್ ಚಕ್ರದ ನಟ್ಟನಡುವೆ, ಹಾರ್ನ್ ಇರಬೇಕಾದ ಜಾಗದಲ್ಲಿ! ಬೇರೆ ಕೆಲವು ಕಾರುಗಳಲ್ಲಿ ಕಡ್ಡಿಯೇ ಇದ್ದರೂ, ರಿವರ್ಸ್ ಇದ್ದದ್ದು ಮುಂದೆ ಹೋಗುವ 'ಲೋ' ಗೇರಿನ ಮಗ್ಗುಲಲ್ಲಿ. ಸ್ವಲ್ಪ ಕೈ ತಪ್ಪಿದರೆ ಕಾರು ಹಿಮ್ಮುಖ. ಕೊನೆಗೆ 1968ರಿಂದ, ಮುಂದಕ್ಕೂ ಹಿಂದಕ್ಕೂ ನಡುವೆ ನ್ಯೂಟ್ರಲ್ ಇರಲೇಬೇಕೆಂದು ಈ ದೇಶದಲ್ಲಿ ಕಾನೂನಾಯಿತು.

ಇನ್ನು ನನ್ನ ಪೆದ್ದುತನದ ಕಥೆ. ಒಂದು ದಿನ ಮನೆಯ ಮುಂದಿನ ಇಳಿಜಾರಿನಲ್ಲಿ, ಮಗುವಿನ ಹಾಲಿನ ಬಾಟಲಿ ಮರೆತೆವೆಂದು ಇಂಜಿನ್ ನಿಲ್ಲಿಸದೆ ಇಳಿದು ಓಡಿದೆ. ನ್ಯೂಟ್ರಲ್ ಗುಂಡಿ ಒತ್ತಿದ್ದೆ. ಪಾರ್ಕ್ ಹಿಡಿಯನ್ನೂ ಮುಟ್ಟಿರಲಿಲ್ಲ, ಬ್ರೇಕನ್ನೂ ಹಾಕಿರಲಿಲ್ಲ. ತಿರುಗಿ ನೋಡಿದರೆ ಕಾರು ಮೆಲ್ಲಗೆ ರಸ್ತೆಯ ಕಡೆ ಹೊರಟಿದೆ! ಡ್ರೈವಿಂಗ್ ಗಂಧವೇ ಇಲ್ಲದ ನಮ್ಮಾಕೆ, ಮಗುವನ್ನು ಎದೆಗವಚಿಕೊಂಡೇ ಸೀಟಿನ ಮೇಲೆ ಈಚೆಗೆ ಜರುಗಿ ಬ್ರೇಕ್ ಪೆಡಲನ್ನು ತುಳಿದಳು. ನಡುವೆ ಗೇರ್ ಕಡ್ಡಿ ಇಲ್ಲದ ಒಂದೇ ಉದ್ದದ ಸೀಟು ಅಂದು ನಮ್ಮನ್ನು ಕಾಯಿತು. ಮುಂದಿನ ಶನಿವಾರವೇ ಅವಳ ಡ್ರೈವಿಂಗ್ ಪಾಠ ಶುರುವಾಯಿತು.

ಈಗ ಮತ್ತೆ ಗುಂಡಿಗಳ ಕಾಲ ಬಂದಿದೆ. ಒಂದು ಕಾರಿನಲ್ಲಿ ತಿರುಗಿಸುವ ಬಿರಡೆ, ಇನ್ನೊಂದರಲ್ಲಿ ಗಾಜಿನ ಪರದೆ. ಹೊಸ ಕಾರೋ ಬಾಡಿಗೆ ಕಾರೋ, ಹೊರಡುವ ಮುನ್ನವೇ ಪಾರ್ಕ್ ಎಲ್ಲಿದೆಯೆಂದು ನೋಡಿಕೊಳ್ಳಿ. ಇಳಿಯುವ ಮುನ್ನ ಬ್ರೇಕ್ ಹಾಕಿ. ಡಾರ್ಟ್ ಗುಜರಿಗೆ ಹೋಗಿ ಎಷ್ಟೋ ವರ್ಷಗಳಾದವು. ನಾನು ಕಾರಿನ ಬಾಗಿಲು ತೆಗೆದೊಡನೆ ನಮ್ಮಾಕೆ ಇಂದಿಗೂ ಕೇಳುವುದು ಒಂದೇ ಮಾತು: "ಬ್ರೇಕ್ ಹಾಕಿದ್ರಾ?"