ಬಣ್ಣ ನೋಡಿ ಕಿಮ್ಮತ್ತು ಕಟ್ಟುವವರಿಗೆ

ಕಳೆದ ದೀಪಾವಳಿಗೆ ಪುಣೆಯಿಂದ ಗಡಹಿಂಗ್ಲಜಕ್ಕೆ ಬಂದ ಮೊಮ್ಮಗ ತಾನು ಕಟ್ಟಿದ ಜಾಲತಾಣವೊಂದನ್ನು ನಮಗೆ ತೋರಿಸಿದ. ಗಿಟ್‌ಹಬ್‌ನಲ್ಲಿ ಖಾತೆಯುಳ್ಳ ಯಾವ ತಂತ್ರಾಂಶಕಾರನ ಹೆಸರು ಕೊಟ್ಟರೂ ಅವನ ಬೆಲೆ ಇಷ್ಟು ರೂಪಾಯಿ ಎಂದು ಅದು ಕ್ಷಣದಲ್ಲಿ ಹೇಳುತ್ತದೆ. "ಅಜ್ಜಾ, ಇದು ನನ್ನ ಕಿಮ್ಮತ್ತು ನೋಡ್ರಿ" ಎಂದ.

ಲೆಕ್ಕ ಹೇಗೆಂದು ಕೇಳಿದೆವು. ಮೆಚ್ಚಿದವರು ಒತ್ತಿದ ನಕ್ಷತ್ರಗಳೆಷ್ಟು, ಹಿಂಬಾಲಕರೆಷ್ಟು, ವರ್ಷದ ದಿನಗಳ ಚೌಕಗಳಲ್ಲಿ ಹಸಿರಾದವೆಷ್ಟು ಎಂದು ಎಣಿಸಿ, ತಾನೇ ಗೊತ್ತುಮಾಡಿದ ದರಗಳಿಂದ ಗುಣಿಸಿ ಕೂಡಿಸುವುದಂತೆ. ಹುಡುಗನ ಜಾಣತನವನ್ನು ಅಲ್ಲಗಳೆಯೆವು. ಆದರೆ ಇಂಥ ತಕ್ಕಡಿಯನ್ನು ನಾವು ಒಪ್ಪಲಾರೆವು.

ಕೊಲ್ಲಾಪುರದ ಬೆಲ್ಲದ ಪೇಟೆಯನ್ನು ಬಲ್ಲ ವಾಚಕರಿಗೆ ಕಾರಣ ಬೇಗ ತಿಳಿದೀತು. ಸವಾಲಿನಲ್ಲಿ ಹಳದಿ ಹೊಳಪಿನ ಬೆಲ್ಲಕ್ಕೆ ಹೆಚ್ಚಿನ ದರ ಸಿಕ್ಕಂತೆ ಗಾಣದ ಮನೆಯ ಕುದಿಯುವ ಕಬ್ಬಿನ ಹಾಲಿಗೆ ಹೈಡ್ರೋಸ್ ಬಿತ್ತು. ಬಣ್ಣ ತಿಳಿಯಾಯಿತು; ರುಚಿ ಹೆಚ್ಚಲಿಲ್ಲ. ನಕ್ಷತ್ರಗಳೂ ಈಗ ಹಣಕ್ಕೆ ಮಾರಾಟವಾಗುತ್ತವೆ. ಚೌಕ ಹಸಿರಾಗಲು ಒಂದು ಅಲ್ಪವಿರಾಮ ತಿದ್ದಿದರೂ ಸಾಕು. ಬಿಡದೆ ಎಷ್ಟು ದಿನ ದುಡಿದರೆಂಬ ಎಣಿಕೆಯನ್ನು ಗಿಟ್‌ಹಬ್ಬೇ 2016ರಲ್ಲಿ ತೆಗೆದುಹಾಕಿತು.

ಇಚಲಕರಂಜಿಯ ಮಗ್ಗದ ಕಾರ್ಮಿಕನಿಗೂ ಪಿಕ್ಕಿನ ಲೆಕ್ಕದಲ್ಲೇ ಕೂಲಿಯಲ್ಲವೇ ಎಂದು ಮೊಮ್ಮಗನ ವಾದ. ಹೌದು, ಆದರೆ ಅಲ್ಲಿ ದರ ಬಟ್ಟೆಗೆ, ನೇಕಾರನಿಗಲ್ಲ. ಬಟ್ಟೆಯನ್ನು ಬಿಡಿಸಿ ನೋಡುವ ಕಣ್ಣುಗಳಿವೆ. ದರ ಕಡಿಮೆಯೆಂದು ಹೋರಾಡಲು ಕಾರ್ಮಿಕ ಸಂಘಗಳಿವೆ.

ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ 'ಅಲರ್' ಎಂಬ ಹೆಸರಿನಿಂದ ಜಾಲದಲ್ಲಿ ಎಲ್ಲರಿಗೂ ಮುಕ್ತವಾಯಿತು. ಅದರಲ್ಲಿ ಒಂದೂವರೆ ಲಕ್ಷ ಪದಗಳಿವೆ. ಆ ದಶಕಗಳ ಒಂದು ದಿನವೂ ಯಾವ ಚೌಕದಲ್ಲೂ ಹಸಿರಾಗಿಲ್ಲ. ಮೊಮ್ಮಗನ ತಕ್ಕಡಿಯಲ್ಲಿ ಈ ತಪಸ್ಸಿನ ತೂಕ ಸೊನ್ನೆ!

ನಾವೂ ಮೂರು ದಶಕ ಅಂಕ ಹಾಕಿದವರೇ. ಉತ್ತರಪತ್ರಿಕೆ ಓದಿಯೇ ಹಾಕುತ್ತಿದ್ದೆವು, ಆದರೂ ತಪ್ಪಿದ್ದೇವೆ. ಮೂವತ್ತೈದು ದಾಟದ ಹುಡುಗನೊಬ್ಬನನ್ನು ತರಗತಿಯ ಎದುರಿಗೇ 'ಕೆಲಸಕ್ಕೆ ಬಾರದವ' ಎಂದಿದ್ದೆವು. ಕೆಟ್ಟು ನಿಂತ ಮಗ್ಗಗಳನ್ನು ದುರಸ್ತಿ ಮಾಡುವ ಅವನಿಗಾಗಿ ಇಂದು ಇಚಲಕರಂಜಿಯಲ್ಲಿ ಮಾಲಕರು ಕಾಯುತ್ತಾರೆ. ಓದಿ ಹಾಕಿದ ಅಂಕವೇ ಹೀಗಾದರೆ, ಓದದೆ ಹಾಕಿದ್ದರ ಗತಿಯೇನು?

ಹೆಸರಾಂತ ಕಾಲೇಜಿನ ಪದವಿಯಿಲ್ಲದ, ಇಂಗ್ಲಿಷಿನಲ್ಲಿ ತಡವರಿಸುವ ಗಡಿನಾಡಿನ ಹುಡುಗನಿಗೆ ಈ ಅಂಕಿಯೇ ಶಿಫಾರಸು ಎಂದ ಮೊಮ್ಮಗ. ಈ ಮಾತು ನಮಗೆ ನಾಟಿತು. ಹಾಗಾದರೆ ಆ ಹುಡುಗ ಮಾಡಿದ ಕೆಲಸವನ್ನೇ ಮುಂದಿಡಲಿ. ಅಂಕಿ ಕಂಡವನು ಕೆಲಸದ ಕಡೆಗೆ ಕಣ್ಣು ಹಾಯಿಸುವುದಿಲ್ಲ. ನಾಳೆ ಕನ್ಯೆ ನೋಡಲು ಹೋದಲ್ಲಿಯೂ ಇದನ್ನೇ ಕೇಳಿಯಾರು. ವರದಕ್ಷಿಣೆಗೊಂದು ಹೊಸ ದರಪಟ್ಟಿ ಸಿದ್ಧವಾದಂತೆ!

ರೂಪಾಯಿಯ ಚಿಹ್ನೆಯನ್ನು ತೆಗೆ, ದರಗಳನ್ನು ಬಹಿರಂಗಪಡಿಸು, ಖಾತೆಯವನ ಒಪ್ಪಿಗೆಯಿಲ್ಲದೆ ಬೆಲೆ ಕಟ್ಟಬೇಡ ಎಂದೆವು. ಮೊದಲಿನ ಎರಡಕ್ಕೆ ಒಪ್ಪಿದ್ದಾನೆ. ಮೂರನೆಯದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ಸಂಕ್ರಮಣಕ್ಕೆ ಊರಿಗೆ ಬಂದಾಗ ಮತ್ತೆ ಕೇಳುವವರಿದ್ದೇವೆ.